ಆಗಸ್ಟ್ ಯಾಕೋ ದಪ್ಪ

ಹೊಕ್ಕೈಡೊದ ಮೂಡಣ ದಂಡೆ, ಪುರಸಭೆಯ ನೆಲಮಾಳಿಗೆ.
ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಏಳು ಫ್ಲಾಪಿ,
ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ವರ್ಷ, ಪಕ್ಕದಲ್ಲಿ: ಕಿರಿ.

ಅವರ ಮಾತಿನಲ್ಲಿ ಕಿರಿ ಎಂದರೆ ಮಂಜು.
ನಮ್ಮ ಮಾತಿನಲ್ಲಿ ಏನೆಂದು ನಿಮಗೆ ಗೊತ್ತು.
ಎರಡೂ ಸರಿಯೇ:
ಮಂಜಿನ ಲೆಕ್ಕವನ್ನು ಹಿಂಡಿ, ಮಡಚಿ, ಕಿರಿದು ಮಾಡಿ
ತುಂಬಿಟ್ಟು ಸತ್ತಿದ್ದ
ಮಂಜುಕಹಳೆ ಕಾಯುತ್ತಿದ್ದ ಇವಾಬುಚಿ.

ಎಲ್‌ಜೆಡ್‌ಎಚ್. ಈಗ ಯಾರೂ ಕಟ್ಟದ ಗಂಟು,
ಬಿಚ್ಚಬಲ್ಲ ಕೈಗಳೂ ಕಡಿಮೆ.
ದಾಖಲೆ ವಿಭಾಗದ ಚಿಗುಸಾ ಊರೆಲ್ಲ ಹುಡುಕಿ
ರೇಡಿಯೊ ರಿಪೇರಿಯ ತೊಕುಜಿಯನ್ನು ಹಿಡಿದು ತಂದಳು,
ಅವನ ಹಳದಿಗಟ್ಟಿದ ಕಂಪ್ಯೂಟರನ್ನೂ, ಮೀನಿನ ತಳ್ಳುಗಾಡಿಯಲ್ಲಿ.

ಈ ಗಂಟಿನ ಗುಟ್ಟು ದೊಡ್ಡದೇನಲ್ಲ.
ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ;
ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟುದ್ದ ತಾ
ಎಂದು ಬೆರಳು ತೋರಿಸಿ ಸುಮ್ಮನಾಗುತ್ತದೆ.
ದಿನಾ ಬರುವ ಅಕ್ಷರಕ್ಕೆ ಗಿಡ್ಡ ಹೆಸರು,
ಅಪರೂಪದ ನೆಂಟನಿಗೆ ಉದ್ದನೆಯದು.
ನೆನಪು ಎಂಟು ಸಾವಿರ ಅಕ್ಷರದಾಚೆ ಹೋಗದು;
ಅದಕ್ಕೂ ಹಿಂದಿನದು ಮತ್ತೆ ಬಂದರೆ
ಹೊಸಬರು ಬಂದರೆಂದೇ ಎದ್ದು ನಿಲ್ಲುತ್ತದೆ.

ಗಂಟೆಗೊಂದು ಸಾಲು ಬರೆಯುವುದು ಅವನ ಕೆಲಸ.
ಮಂಜು. ಕಹಳೆ ಊದಿದೆ.
ಮಂಜು. ಕಹಳೆ ಊದಿದೆ.
ಮಂಜಿಲ್ಲ.
ಮಂಜು. ಕಹಳೆ ಊದಿದೆ.
ಹೀಗೆ ಆರು ವರ್ಷ, ಎಪ್ಪತ್ತೆರಡು ಕಡತ,
ಒಂದೂ ನಾಲ್ಕು ಕಿಲೋಬೈಟು ದಾಟಿಲ್ಲ.
ಏಳನೆಯ ವರ್ಷದ ಜೂನ್: ಮೂರು. ಜುಲೈ: ಮೂರು ಚಿಲ್ಲರೆ.
ಆಗಸ್ಟ್: ಇಪ್ಪತ್ತೊಂದು.
ಆಮೇಲೆ ಕಡತವೇ ಇಲ್ಲ.

ಹಡಗು ಒಡೆದಿರಬೇಕು ಎಂದಳು ಚಿಗುಸಾ.
ವೈರಸ್ ಎಂದ ತೊಕುಜಿ. ಅವನೇನು ಬರೆಯುವವನಲ್ಲ.

ಹಡಗು ಒಡೆದಿರಲಿಲ್ಲ.
ಆಗಸ್ಟ್ ಒಂದರಂದು ಬಂಡೆಯ ಮೇಲೆ ಯಂತ್ರವೊಂದನ್ನು ಕೂರಿಸಿ ಹೋಗಿದ್ದರು.
ಮಂಜು ಬಂದರೆ ಅದಕ್ಕೇ ಗೊತ್ತು, ಕಹಳೆ ಅದರದೇ,
ಲೆಕ್ಕವೂ ಅದರದೇ.
ತಿಂಗಳ ಕೊನೆಯವರೆಗೆ ಇವಾಬುಚಿಗೆ ಸಂಬಳ ಉಂಟು, ಕುರ್ಚಿ ಉಂಟು,
ಬೇಕಾಗಿಲ್ಲದ ಒಂದು ಕೀಲಿಮಣೆ.

*ನಾಲ್ಕು ಗಂಟೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಆದರೆ ತಣ್ಣಗೆ.*
*ಐದು ಗಂಟೆ. ಬೇಲಿಯ ಮೂರನೇ ಕಂಬದ ತನಕ ಬಂದು ನಿಂತಿದೆ,*
*ದಾರಿ ಕೇಳಲು ನಾಚುವವರಂತೆ.*
*ಒಂಬತ್ತು. ಸೀಲ್ ಒಂದು ಕೆಮ್ಮಿತು. ಎಲ್ಲಿಂದ, ತಿಳಿಯಲಿಲ್ಲ.*
*ಇವತ್ತಿನದರಲ್ಲಿ ಉಪ್ಪು ಕಮ್ಮಿ. ನಿನ್ನೆಯದು ನಾಲಗೆಗೆ ಹತ್ತುತ್ತಿತ್ತು.*
*ಯಂತ್ರ ಊದಿತು. ಮರುದನಿ ತಡವಾಯಿತು,*
*ಯಾರೋ ನಡುವೆ ಹಿಡಿದು, ನೋಡಿ, ಬಿಟ್ಟ ಹಾಗೆ.*

ಒಂದು ಸಾಲೂ ಇನ್ನೊಂದರಂತಿಲ್ಲ.
ಹಿಂದೆ ಹೋಗು ಎನ್ನಲು ಹಿಂದೆ ಏನೂ ಇಲ್ಲ.
ಹಿಂಡುವ ಯಂತ್ರ ಹಿಂಡಿ ಹಿಂಡಿ
ಕೈಸೋತು, ಇದ್ದದ್ದನ್ನು ಇದ್ದ ಹಾಗೇ ಬಿಟ್ಟಿದೆ.

ಇಪ್ಪತ್ತೇಳನೆಯ ತಾರೀಖಿನ ನಡುರಾತ್ರಿಗೆ
ಪರದೆಯ ತುಂಬ ಅರ್ಥವಿಲ್ಲದ ಚೌಕಗಳು.
ಮೊತ್ತ ತಾಳೆಯಾಗುತ್ತಿಲ್ಲ ಎಂದಿತು ಕಂಪ್ಯೂಟರು.
ಬೂಷ್ಟು ಫ್ಲಾಪಿಯ ಒಂದು ಬದಿ ತಿಂದಿತ್ತು, ಅಷ್ಟೇ;
ಆದರೆ ಇಂಥ ಗಂಟಿನಲ್ಲಿ ಒಂದೆಳೆ ಹೋದರೆ
ಮುಂದಿನ ಬೆರಳೆಲ್ಲ ಬೇರೆಲ್ಲೋ ತೋರಿಸುತ್ತದೆ.
ಕೊನೆಯ ನಾಲ್ಕು ದಿನ ಯಾವ ಮಂಜು, ಯಾರಿಗೂ ಗೊತ್ತಿಲ್ಲ.

ಉಳಿದದ್ದನ್ನು ಚಿಗುಸಾ ಜಿಪ್ಪಿನಲ್ಲಿ ಕಟ್ಟಿದಳು, ಸೆವೆನ್‌ಜಿಪ್ಪಿನಲ್ಲಿ ಕಟ್ಟಿದಳು,
ಪುರಸಭೆ ಹೋದ ವರ್ಷ ಕೊಂಡದ್ದರಲ್ಲೂ.
ಅರ್ಧ ಕಿಲೋಬೈಟು ಇಳಿಯಿತು, ಅದೂ ತಾರೀಖುಗಳಿಂದ.

ತೊಕುಜಿ ಬಾಡಿಗೆ ಬೇಡವೆಂದ. ಒಣಸ್ಕ್ವಿಡ್ಡು ಎರಡು ಸಾಕು.
ವೈರುಗಳನ್ನು ಸುತ್ತುತ್ತ, ಬೆನ್ನು ಮಾಡಿಕೊಂಡೇ ಕೇಳಿದ:
ಇಪ್ಪತ್ತು ವರ್ಷ ಭಾನುವಾರ ಭಾನುವಾರ ಶೋಗಿ ಆಡಿದ್ದೀವಿ.
ಹೂಂ ಅನ್ನೋನು. ಮತ್ತೆ ಹೂಂ.
ಅದನ್ನ ಹಿಂಡಿದರೆ ಎಷ್ಟಾಗುತ್ತಮ್ಮ?

ಅವಳು ಲೆಕ್ಕ ಹಾಕಲು ಹೊರಟು, ನಿಲ್ಲಿಸಿ,
ತಳ್ಳುಗಾಡಿಯ ಇನ್ನೊಂದು ಬದಿ ಹಿಡಿದಳು.